ಒಂದೇ ಯುಎಸ್‌ಬಿ ಪ್ರಿಂಟರ್, ಮನೆಯ ಎಲ್ಲ ಕಂಪ್ಯೂಟರ್‌ಗಳಿಗೆ

ಯುಎಸ್‌ಬಿ ಕೇಬಲ್ ಬಿಟ್ಟರೆ ಬೇರೆ ಸಂಪರ್ಕವಿಲ್ಲದ ಲೇಸರ್ ಪ್ರಿಂಟರ್ ಒಂದನ್ನು ಮೊದಲು ವಿಂಡೋಸ್ ಡೆಸ್ಕ್‌ಟಾಪ್ ಮೂಲಕ, ಆಮೇಲೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಮೂಲಕ ಮನೆಯ ಉಳಿದ ಯಂತ್ರಗಳಿಗೆ ಹಂಚಿದ್ದೇನೆ. ಶೇರ್ ಮಾಡುವುದು ಹತ್ತು ನಿಮಿಷದ ಕೆಲಸ. ನಾಲ್ಕು ದಿನ ಕಳೆದ ಮೇಲೂ ಅದು ನಡೆಯುತ್ತಿರಬೇಕಾದರೆ ಮೂರು ಸಂಗತಿ ಗಟ್ಟಿಯಾಗಿರಬೇಕು: ಪ್ರಿಂಟರ್ ಜೋಡಿಸಿದ ಯಂತ್ರದ ನೆಟ್‌ವರ್ಕ್ ವಿಳಾಸ (ಐಪಿ) ಬದಲಾಗಬಾರದು, ಆ ಯಂತ್ರ ಮಲಗಬಾರದು (ಸ್ಲೀಪ್), ಲಾಗಿನ್ ಸರಿಯಿರಬೇಕು.

ಹಾಗಾಗಿ ಮೊದಲು ರೂಟರ್‌ಗೆ ಹೋದೆ. ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ‘ಅಡ್ರೆಸ್ ರಿಸರ್ವೇಷನ್’ ಇರುತ್ತದೆ. ಅಲ್ಲಿ ಡೆಸ್ಕ್‌ಟಾಪ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಹಾರ್ಡ್‌ವೇರ್‌ನ ಗುರುತಿನ ಸಂಖ್ಯೆ) 192.168.1.20 ಎಂದು ಕಾಯಂ ಮಾಡಿದೆ. ವೈಫೈ ಮತ್ತು ಕೇಬಲ್ ಎರಡಕ್ಕೂ ಬೇರೆ ಬೇರೆ ಮ್ಯಾಕ್ ವಿಳಾಸ; ನಿಜವಾಗಿ ಬಳಸುವುದನ್ನೇ ನಮೂದಿಸಬೇಕು. ವಿಂಡೋಸ್‌ನಲ್ಲಿ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಆನ್ ಆಗಿದ್ದರೆ ಈ ಶ್ರಮವೆಲ್ಲ ವ್ಯರ್ಥ, ಅದನ್ನು ಆಫ್ ಮಾಡಿ. ಐಪಿಯನ್ನು ಯಂತ್ರದಲ್ಲೇ ಕೈಯಿಂದ ಬರೆಯುವವರು ರೂಟರ್ ಹಂಚುವ ವ್ಯಾಪ್ತಿಯ ಹೊರಗಿನ ಸಂಖ್ಯೆ ಆರಿಸಬೇಕು, ಇಲ್ಲವಾದರೆ ಯಾವತ್ತೋ ಒಂದು ದಿನ ಅದೇ ವಿಳಾಸ ಯಾವುದೋ ಫೋನಿಗೂ ಸಿಗುತ್ತದೆ.

ಇನ್ನು ಡೆಸ್ಕ್‌ಟಾಪ್. ‘ಪವರ್’ ಸೆಟ್ಟಿಂಗ್‌ನಲ್ಲಿ ಸ್ಲೀಪ್ ‘ನೆವರ್’ ಆಗಿರಲಿ. ಪರದೆ ಆರಿದರೆ ತೊಂದರೆಯಿಲ್ಲ. ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಿ, ‘ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್’ನಲ್ಲಿ ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಬೇರೆ ಕಂಪನಿಯ ಫೈರ್‌ವಾಲ್ ಹಾಕಿಕೊಂಡಿದ್ದರೆ ಮನೆಯ ನೆಟ್‌ವರ್ಕ್‌ಗೆ ಶೇರಿಂಗ್ ನಡೆಯುವ ಟಿಸಿಪಿ 445 ಪೋರ್ಟ್ ತೆರೆದಿರಬೇಕು. ನಂತರ ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು ‘ಶೇರಿಂಗ್’ ಟ್ಯಾಬ್‌ನಲ್ಲಿ ಟಿಕ್ ಹಾಕಿ ಹೆಸರು ಕೊಡಿ. ಹೆಸರು ಚಿಕ್ಕದಾಗಿರಲಿ, ನಡುವೆ ಖಾಲಿ ಜಾಗ ಬೇಡ.

ಹೆಚ್ಚು ಜನ ಸಿಕ್ಕಿಬೀಳುವುದು ಲಾಗಿನ್‌ನಲ್ಲಿ. ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿದಾಗ ದಿನವೂ ಒತ್ತುವ ಪಿನ್ ಕೊಡುತ್ತಾರೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು, ನೆಟ್‌ವರ್ಕ್‌ನ ಆಚೆಯಿಂದ ಅದು ನಡೆಯುವುದಿಲ್ಲ. ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಹಾಕುವ ಸಲಹೆ ಎಲ್ಲೆಡೆ ಸಿಗುತ್ತದೆ; ನಾನು ಅದನ್ನು ಒಪ್ಪುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಮುದ್ರಣಕ್ಕೆಂದೇ ಒಂದು ಲೋಕಲ್ ಖಾತೆ ತೆರೆಯಿರಿ, ಅಡ್ಮಿನ್ ಅಧಿಕಾರ ಬೇಡ, ಪಾಸ್‌ವರ್ಡ್ ಇರಲಿ. ಪ್ರತಿ ಲ್ಯಾಪ್‌ಟಾಪ್‌ನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಡೆಸ್ಕ್‌ಟಾಪ್‌ನ ಹೆಸರಿನೊಂದಿಗೆ ಆ ಖಾತೆಯನ್ನು ಉಳಿಸಿ. ಇಲ್ಲಿ ಹೆಸರು ಬರೆದು ಪ್ರಿಂಟರ್ ಸೇರಿಸುವಾಗ ಐಪಿ ಬರೆದರೆ ವಿಂಡೋಸ್ ಅವೆರಡನ್ನೂ ಬೇರೆ ಯಂತ್ರವೆಂದೇ ಎಣಿಸಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ.

ಲ್ಯಾಪ್‌ಟಾಪ್‌ಗೆ ಪ್ರಿಂಟರ್‌ನ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಅನ್ನು ಮೊದಲೇ ಹಾಕಿಟ್ಟುಕೊಳ್ಳಿ. 2021ರ ಆಗಸ್ಟ್ ಅಪ್‌ಡೇಟ್‌ನಿಂದೀಚೆಗೆ ಶೇರ್ ಮೂಲಕ ಡ್ರೈವರ್ ಇಳಿಸಲು ಅಡ್ಮಿನ್ ಅಧಿಕಾರ ಬೇಕು. ಅದೇ ಸೆಪ್ಟೆಂಬರ್‌ನ ಅಪ್‌ಡೇಟ್ ನಂತರ 11ಬಿ ಎಂದು ಕೊನೆಯಾಗುವ ದೋಷ ಸಂಖ್ಯೆ ಮನೆಮನೆಯಲ್ಲಿ ಕಾಣಿಸಿಕೊಂಡಿತು. ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೊನ್ನೆ ಮಾಡಿದರೆ ಅದು ಹೋಗುತ್ತದೆ ನಿಜ, ಆದರೆ ಹಾಗೆ ಮಾಡಿದರೆ ಭದ್ರತೆಗೆಂದು ಹಾಕಿದ ಬೀಗವನ್ನೇ ತೆಗೆದಂತಾಗುತ್ತದೆ. ನಾನು ಹಿಡಿದ ದಾರಿ ಲೋಕಲ್ ಪೋರ್ಟ್. ‘ಆ್ಯಡ್ ಮ್ಯಾನ್ಯುಯಲಿ’ ಒತ್ತಿ ಲೋಕಲ್ ಪ್ರಿಂಟರ್ ಆರಿಸಿ. ‘ಕ್ರಿಯೇಟ್ ಎ ನ್ಯೂ ಪೋರ್ಟ್’ನಲ್ಲಿ ‘ಲೋಕಲ್ ಪೋರ್ಟ್’ ತೆಗೆದುಕೊಂಡು ಎರಡು ಬ್ಯಾಕ್‌ಸ್ಲ್ಯಾಶ್, ಡೆಸ್ಕ್‌ಟಾಪ್‌ನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು ಬರೆಯಿರಿ. ಡ್ರೈವರ್ ಲ್ಯಾಪ್‌ಟಾಪ್‌ನದೇ ಇರುತ್ತದೆ, ಸಿದ್ಧವಾದ ಪುಟ ಮಾತ್ರ ಆಚೆ ಹೋಗುತ್ತದೆ.

ಪ್ರಿಂಟರ್ ಒಂದಕ್ಕಾಗಿ ಡೆಸ್ಕ್‌ಟಾಪ್ ಇಡೀ ದಿನ ಉರಿಯುವುದು ಸರಿಯೆನಿಸದಿದ್ದರೆ ರಾಸ್ಪ್‌ಬೆರಿ ಪೈ ಒಳ್ಳೆಯ ಬದಲಿ. ಕೊಳ್ಳುವ ಮುನ್ನ ನೋಡಬೇಕಾದ್ದು ಒಂದೇ: ನಿಮ್ಮ ಪ್ರಿಂಟರ್‌ಗೆ ಪೈನಲ್ಲಿರುವ ಎಆರ್‌ಎಮ್ ಪ್ರೊಸೆಸರ್‌ನಲ್ಲಿ ಓಡುವ ಲಿನಕ್ಸ್ ಡ್ರೈವರ್ ಇದೆಯೇ? ಪುಟವನ್ನು ಚಿತ್ರವಾಗಿ ರೂಪಿಸುವ ಕೆಲಸವನ್ನೆಲ್ಲ ಕಂಪ್ಯೂಟರ್‌ಗೇ ಬಿಡುವ ಅಗ್ಗದ ಲೇಸರ್‌ಗಳಿಗೆ ತಯಾರಕರು ಕೊಡುವ ಲಿನಕ್ಸ್ ಡ್ರೈವರ್ ಎಷ್ಟೋ ಸಲ ಇಂಟೆಲ್ ಮಾದರಿಗೆ ಮಾತ್ರ ಇರುತ್ತದೆ. ಎಚ್‌ಪಿಲಿಪ್, ಗುಟೆನ್‌ಪ್ರಿಂಟ್, ಬಿಆರ್‌ಲೇಸರ್ ಎಂಬ ಲಿನಕ್ಸ್ ಡ್ರೈವರ್ ಸಂಗ್ರಹಗಳ ಪಟ್ಟಿಗಳಲ್ಲಿ ನಿಮ್ಮ ಮಾದರಿ ಇದ್ದರೆ ನಿಶ್ಚಿಂತೆ.

ಪೈನಲ್ಲಿ ಕಪ್ಸ್ (ಮುದ್ರಣ ನಿರ್ವಹಿಸುವ ತಂತ್ರಾಂಶ) ಮತ್ತು ಆವಾಹಿ (ಪ್ರಿಂಟರ್ ಇದೆಯೆಂದು ಜಾಲಕ್ಕೆ ಸಾರುವ ತಂತ್ರಾಂಶ) ಪ್ಯಾಕೇಜ್ ಹಾಕಿ, ನಿಮ್ಮ ಬಳಕೆದಾರ ಹೆಸರನ್ನು ಪ್ರಿಂಟರ್ ನಿರ್ವಹಿಸುವ ಅಧಿಕಾರವಿರುವ ‘ಎಲ್‌ಪಿಅಡ್ಮಿನ್’ ಗುಂಪಿಗೆ ಸೇರಿಸಿ. ಕಪ್ಸ್‌ನ ಪುಟ 631ನೇ ಪೋರ್ಟ್‌ನಲ್ಲಿ ತೆರೆಯುತ್ತದೆ, ಆದರೆ ಆರಂಭದಲ್ಲಿ ಪೈನ ಬ್ರೌಸರ್‌ನಿಂದ ಮಾತ್ರ. ಶೇರಿಂಗ್‌ಗೆ ಎರಡು ಟಿಕ್ ಬೇಕು: ಒಂದು ಅಡ್ಮಿನಿಸ್ಟ್ರೇಷನ್ ಪುಟದಲ್ಲಿ ಇಡೀ ಸರ್ವರ್‌ಗೆ, ಇನ್ನೊಂದು ಪ್ರಿಂಟರ್ ಸೇರಿಸುವಾಗ ಆ ಪ್ರಿಂಟರ್‌ಗೆ. ಎರಡನೆಯದನ್ನು ಮರೆತರೆ ಪೈನಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತದೆ, ಬೇರೆ ಯಂತ್ರಗಳಿಗೆ ಮಾತ್ರ ಪ್ರಿಂಟರ್ ಕಾಣುವುದೇ ಇಲ್ಲ. ಆವಾಹಿ ಇದ್ದರೆ ಐಫೋನ್‌ಗೂ ಲಿನಕ್ಸ್‌ಗೂ ಪ್ರಿಂಟರ್ ತಾನಾಗಿ ಕಾಣಿಸುತ್ತದೆ. ಪೈಗೂ ರೂಟರ್‌ನಲ್ಲಿ ವಿಳಾಸ ಕಾಯಂ ಮಾಡಿ.

ಹೊಸದಾಗಿ ಸೇರಿಸಿದ ಪ್ರಿಂಟರ್‌ನ ಕ್ಯೂನಲ್ಲಿ (ಮುದ್ರಣದ ಸರದಿ) ಕಾಗದದ ಅಳತೆ ಎಷ್ಟೋ ಸಲ ‘ಲೆಟರ್’ ಆಗಿರುತ್ತದೆ. ಟ್ರೇನಲ್ಲಿ ಎ4 ಇದ್ದರೂ ಪ್ರಿಂಟರ್ ದೀಪ ಮಿನುಗಿಸುತ್ತ ಕಾಗದಕ್ಕಾಗಿ ಕಾಯುತ್ತದೆ, ನಾವು ನೆಟ್‌ವರ್ಕ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಕ್ಯೂನಲ್ಲೂ ಪ್ರತಿ ಯಂತ್ರದಲ್ಲೂ ಎ4 ಮಾಡಿ.

ಫೋನಿಗೆ ಮಾತ್ರ ಪ್ರಿಂಟರ್ ಕಾಣದಿದ್ದರೆ ಅದು ಗೆಸ್ಟ್ ವೈಫೈನಲ್ಲಿದೆಯೇ, ರೂಟರ್‌ನಲ್ಲಿ ವೈಫೈ ಯಂತ್ರಗಳು ಒಂದನ್ನೊಂದು ಕಾಣದಂತೆ ತಡೆಯುವ ‘ಎಪಿ ಐಸೊಲೇಷನ್’ ಆನ್ ಇದೆಯೇ ನೋಡಿ. ವೈಫೈನ 2.4 ಮತ್ತು 5 ಗಿಗಾಹರ್ಟ್ಸ್ ಹೆಸರುಗಳು ಬೇರೆಬೇರೆ ಆಗಿದ್ದರೆ ಅದರಿಂದ ತೊಂದರೆಯಿಲ್ಲ, ಸಾಮಾನ್ಯವಾಗಿ ಎರಡೂ ಒಂದೇ ಜಾಲ. ಆದರೆ ಮೊದಲ ರೂಟರ್‌ನ ಹಿಂದೆ ಎರಡನೆಯದನ್ನು ರೂಟರ್ ಆಗಿಯೇ ಜೋಡಿಸಿದ್ದರೆ ಎರಡು ಜಾಲಗಳಾಗುತ್ತವೆ. ಎರಡನೆಯದನ್ನು ಹೊಸ ಜಾಲ ಮಾಡದೆ ಇರುವ ಜಾಲವನ್ನೇ ವಿಸ್ತರಿಸುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಬೇಕು.

ಒಂದು ಪುಟ ಸಿಕ್ಕಿಹಾಕಿಕೊಂಡು, ಅಳಿಸಿದರೂ ಹೋಗದೆ, ತನ್ನ ಹಿಂದೆ ಸರದಿಯಲ್ಲಿರುವ ಪುಟಗಳನ್ನೆಲ್ಲ ತಡೆದರೆ ಪ್ರಿಂಟರ್ ಹಿಡಿದ ವಿಂಡೋಸ್ ಯಂತ್ರದಲ್ಲಿ ಮುದ್ರಣದ ಸರದಿ ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಸೇವೆಯನ್ನು ನಿಲ್ಲಿಸಿ. ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32, ಅದರೊಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಅಳಿಸಿ, ಫೋಲ್ಡರ್ ಅನ್ನು ಹಾಗೇ ಬಿಡಿ. ಪ್ರಿಂಟರ್ ಅನ್ನು ಅರ್ಧ ನಿಮಿಷ ಆರಿಸಿಟ್ಟು, ಸೇವೆಯನ್ನು ಮತ್ತೆ ಶುರುಮಾಡಿ, ಪರೀಕ್ಷಾ ಪುಟವನ್ನು ಮೊದಲು ಆ ಯಂತ್ರದಿಂದಲೇ ಕಳಿಸಿ. ಅದು ಬಂದ ಮೇಲೆ ಲ್ಯಾಪ್‌ಟಾಪ್‌ನ ಸರದಿ.