ಆಸ್ಟ್ರೇಲಿಯಾದ ಅಡುಗೆ ಕೋರ್ಸಿಗೆ ನಾನೇ ಅರ್ಜಿ ಹಾಕಿದೆ

ನಾನು ಓದಿದ್ದು ಬಿಕಾಂ. ಒಂದು ಕೇಟರಿಂಗ್ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸೇರಬೇಕು ಅಂದುಕೊಂಡಿದ್ದು ಆಸ್ಟ್ರೇಲಿಯಾದ ವೊಕೇಷನಲ್ ಕಾಲೇಜಿಗೆ: ಸರ್ಟಿಫಿಕೇಟ್ 3 ಇನ್ ಕಮರ್ಷಿಯಲ್ ಕುಕರಿ, ಅದಾದ ಮೇಲೆ ಸರ್ಟಿಫಿಕೇಟ್ 4 ಇನ್ ಕಿಚನ್ ಮ್ಯಾನೇಜ್‌ಮೆಂಟ್. ಡಿಗ್ರಿ ಮುಗಿಸಿದವನು ಸರ್ಟಿಫಿಕೇಟ್ ಕೋರ್ಸಿಗೆ ಯಾಕೆ ಹೋಗ್ತಾನೆ ಅಂತ ಮನೆಯವರೂ ಕೇಳಿದರು, ಕಾಲೇಜಿನವರೂ ಕೇಳಿದರು, ವೀಸಾ ಅರ್ಜಿಯೂ ಕೇಳಿತು. ನನಗೆ ಜಾಸ್ತಿ ಹೊತ್ತು ಹಿಡಿದಿದ್ದು ಅದಕ್ಕೆ ಉತ್ತರ ಬರೆಯೋದೇ.

ಮೊದಲಿಗೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಕಾಲೇಜಿನ ಷರತ್ತು ಬೇರೆ, ವೀಸಾದ ಷರತ್ತು ಬೇರೆ. ಇಂಥ ಕೋರ್ಸುಗಳಿಗೆ ಕಾಲೇಜುಗಳು ಕೇಳೋದು ದೊಡ್ಡದೇನಲ್ಲ. ಪಿಯುಸಿ ಪಾಸಾಗಿದ್ದರೆ ಸಾಮಾನ್ಯವಾಗಿ ಸಾಕು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 5.5 ಇದ್ದರೂ ತಗೊಳ್ಳುವ ಕಾಲೇಜುಗಳು ಬೇಕಾದಷ್ಟಿವೆ. ಆದರೆ 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾಕ್ಕೆ ಒಟ್ಟು 6.0 ಬೇಕು. 5.5 ಇದ್ದರೆ ಕೋರ್ಸಿನ ಜೊತೆ ಕನಿಷ್ಠ 10 ವಾರದ ಇಂಗ್ಲಿಷ್ ಕ್ಲಾಸನ್ನೂ ಸೇರಿಸಿ ತಗೋಬೇಕು. ಅದಕ್ಕೆ ಫೀ ಬೇರೆ, ಅಲ್ಲಿರುವ ಖರ್ಚು ಬೇರೆ. ಅದರ ಬದಲು ಇಲ್ಲೇ ಕೂತು ಓದಿ 6 ತೆಗೆಯೋದು ಅಗ್ಗ ಅನ್ನಿಸಿತು. ಹಾಗೇ ಮಾಡಿದೆ.

ಕಾಲೇಜು ಹುಡುಕುವಾಗ ಚೆಂದದ ಫೋಟೋ ನೋಡಲಿಲ್ಲ. ಕ್ರೈಕಾಸ್ ಅಂತ ಅಲ್ಲಿನ ಸರ್ಕಾರದ ಪಟ್ಟಿ ಇದೆ. ಹೊರದೇಶದ ವಿದ್ಯಾರ್ಥಿಗಳಿಗೆ ಯಾವ ಕಾಲೇಜು ಯಾವ ಕೋರ್ಸು ಕಲಿಸಬಹುದು ಅನ್ನೋದು ಅದರಲ್ಲಿ ಸಿಗುತ್ತದೆ. ಕಾಲೇಜಿಗೊಂದು ಕೋಡ್, ಪ್ರತಿ ಕೋರ್ಸಿಗೂ ಬೇರೆ ಕೋಡ್. ಕಾಲೇಜಿನ ಹೆಸರು ಪಟ್ಟಿಯಲ್ಲಿದ್ದು ನಿಮ್ಮ ಕೋರ್ಸು ಇಲ್ಲದಿದ್ದರೆ ಪ್ರಯೋಜನ ಇಲ್ಲ. ಇನ್ನು 'ಫ್ರೀ ಟೇಫ್' (ಅಲ್ಲಿನ ಸರ್ಕಾರಿ ವೃತ್ತಿ ಕಾಲೇಜಿನಲ್ಲಿ ಉಚಿತ ಓದು) ಅಂತ ಓದಿ ಖುಷಿಪಡುವವರು ಇದ್ದಾರೆ. ಅದು ಅಲ್ಲಿಯವರಿಗೆ. ವಿದ್ಯಾರ್ಥಿ ವೀಸಾದವರಿಗೆ ಪೂರ್ತಿ ಫೀ.

ಆಮೇಲೆ ಕೋರ್ಸಿನ ಯೂನಿಟ್, ಅಂದರೆ ಪಾಠಗಳ ಪಟ್ಟಿ. ಟ್ರೈನಿಂಗ್ ಡಾಟ್ ಗವ್ ಡಾಟ್ ಎಯು ತಾಣದಲ್ಲಿ ಪ್ರತಿ ಯೂನಿಟ್ಟಿನ ವಿವರವೂ ಇದೆ. ಅಡುಗೆ ಕೋರ್ಸಿಗೆ ಹೋಗುವ ಸಸ್ಯಾಹಾರಿಗಳು ಇದನ್ನು ಓದಲೇಬೇಕು. ಮಾಂಸ, ಕೋಳಿ, ಮೀನು ಒಂದೊಂದಕ್ಕೂ ಬೇರೆ ಯೂನಿಟ್. ಬೀಫ್, ಪೋರ್ಕ್ ಎಲ್ಲಾ ಕತ್ತರಿಸಬೇಕು, ಬೇಯಿಸಬೇಕು, ರುಚಿ ನೋಡಿ ಹದ ಹೇಳಬೇಕು. 'ನಾನು ಮುಟ್ಟಲ್ಲ' ಅಂದರೆ ಕೋರ್ಸು ಮುಗಿಯೋದು ಕಷ್ಟ. ಪೇಸ್ಟ್ರಿ, ಬ್ರೆಡ್ ಕಡೆ ಒಲವಿದ್ದರೆ ಪಟಿಸರೀ ಕೋರ್ಸು ನೋಡಬಹುದು. ಇನ್ನೊಂದು ಯೂನಿಟ್ಟಿನಲ್ಲಿ ನಿಜವಾದ ಗಿರಾಕಿಗಳಿಗೆ ಅಡುಗೆ ಮಾಡುವ 48 ಸರ್ವೀಸ್, ಅಂದರೆ ಒಂದೊಂದು ಹೊತ್ತಿನ ಊಟ-ತಿಂಡಿಯ ಪಾಳಿ, ಪೂರೈಸಬೇಕು ಅಂತಿದೆ. ಅದಕ್ಕೆ ಅಡುಗೆಮನೆ ಕಾಲೇಜೇ ಕೊಡುತ್ತಾ, ನಾವೇ ಹೋಟೆಲ್ ಹುಡುಕಿಕೊಳ್ಳಬೇಕಾ? ಅರ್ಜಿ ಹಾಕುವ ಮೊದಲೇ ಮೇಲ್ ಮಾಡಿ ಕೇಳಿದೆ. ಸರಿಯಾಗಿ ಉತ್ತರ ಕೊಡದ ಕಾಲೇಜನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಕಾಗದಪತ್ರದಲ್ಲಿ ನಮ್ಮ ಕಡೆಯವರಿಗೆ ತೊಡಕಾಗೋದು ಇನಿಷಿಯಲ್. ನನ್ನ ಎಸೆಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ. ಪಾಸ್‌ಪೋರ್ಟಿನಲ್ಲಿ ಅದೇ ಎರಡು ಅಕ್ಷರ ಬಿಡಿಸಿ, ಊರಿನ ಹೆಸರೂ ಅಪ್ಪನ ಹೆಸರೂ ಆಗಿ ಕೂತಿವೆ. ನೋಡಿದವರಿಗೆ ಇಬ್ಬರು ಬೇರೆ ಮನುಷ್ಯರು. ನೋಟರಿ ಹತ್ತಿರ ಹೋಗಿ, ಎರಡೂ ಹೆಸರು ಒಬ್ಬನದೇ ಅಂತ ಅಫಿಡವಿಟ್ ಮಾಡಿಸಿ ಮಾರ್ಕ್ಸ್ ಕಾರ್ಡಿನ ಜೊತೆ ಲಗತ್ತಿಸಿದೆ. ಅರ್ಜಿಯಲ್ಲಿ, ಐಇಎಲ್‌ಟಿಎಸ್‌ನಲ್ಲಿ, ಇನ್ಶೂರೆನ್ಸಿನಲ್ಲಿ ಎಲ್ಲಾ ಕಡೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆದೆ.

ಕಾಲೇಜು ಆನ್‌ಲೈನಿನಲ್ಲಿ ಓದು, ಬರಹ, ಲೆಕ್ಕದ ಒಂದು ಪರೀಕ್ಷೆ ಇಟ್ಟಿತ್ತು. ಶೇಕಡಾವಾರು, ಅಳತೆ, ಸಣ್ಣ ಪತ್ರ ಬರೆಯೋದು, ಅಷ್ಟೇ. ನಂತರ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದರು. ಅಲ್ಲೂ ಅದೇ ಪ್ರಶ್ನೆ: ಡಿಗ್ರಿ ಆದಮೇಲೆ ಇದು ಯಾಕೆ?

ಆಫರ್ ಲೆಟರ್ ಬಂದರೆ ಸೀಟು ಸಿಕ್ಕಿತು ಅಂತ ಸಿಹಿ ಹಂಚಬೇಡಿ. ಅದು ಬರೀ ಕರೆ. ಒಪ್ಪಿ ಸಹಿ ಮಾಡಿ, ಮೊದಲ ಕಂತು ಕಟ್ಟಿ, ಓಎಸ್‌ಎಚ್‌ಸಿ ಅನ್ನುವ ಆರೋಗ್ಯ ವಿಮೆ ತಗೊಂಡ ಮೇಲೆ ಸಾಮಾನ್ಯವಾಗಿ ಸಿಓಇ, ಅಂದರೆ ಸೀಟು ಖಚಿತ ಅನ್ನುವ ಪತ್ರ, ಬರುತ್ತದೆ. ಇಲ್ಲಿಂದ ವೀಸಾ ಅರ್ಜಿ ಹಾಕಲು ಬೇಕಾಗಿದ್ದು ಆ ಸಿಓಇ. 25 ವಾರಕ್ಕಿಂತ ದೊಡ್ಡ ಕೋರ್ಸಾದರೆ, ಶುರುವಾಗುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಫೀ ಕಟ್ಟಿ ಅಂತ ಕಾಲೇಜು ಒತ್ತಾಯ ಮಾಡುವಂತಿಲ್ಲ. ಇದು ಅಲ್ಲಿನ ಕಾನೂನು. ಸಹಿ ಮಾಡುವ ಮುಂಚೆ ಕಾಲೇಜು ಬದಲಿಸುವ ನಿಯಮವನ್ನೂ ಓದಿಕೊಳ್ಳಿ. ಮುಖ್ಯ ಕೋರ್ಸಿನ ಮೊದಲ 6 ತಿಂಗಳು ಮುಗಿಯುವ ತನಕ ಕಾಲೇಜಿನ ಒಪ್ಪಿಗೆ ಇಲ್ಲದೆ ಬೇರೆ ಕಡೆ ಹೋಗೋದು ಸುಲಭವಲ್ಲ. ಎರಡು ಮೂರು ಕೋರ್ಸು ಒಟ್ಟಿಗೆ ತಗೊಂಡಿದ್ದರೆ ಸಾಮಾನ್ಯವಾಗಿ ಕೊನೆಯದ್ದೇ ಮುಖ್ಯ ಕೋರ್ಸು. ಅಂದರೆ ನನಗೆ ಆ 6 ತಿಂಗಳು ಸರ್ಟಿಫಿಕೇಟ್ 4 ಶುರುವಾದ ದಿನದಿಂದ. ಇದನ್ನು ಯಾವ ಏಜೆಂಟೂ ಬಾಯಿಬಿಟ್ಟು ಹೇಳಲ್ಲ.

ಈಗ 'ಡಿಗ್ರಿ ಆದಮೇಲೆ ಇದು ಯಾಕೆ' ಅನ್ನುವ ಪ್ರಶ್ನೆಗೆ ಬರೋಣ. 2024ರ ಮಾರ್ಚಿನಿಂದ ವೀಸಾ ಅರ್ಜಿಯಲ್ಲಿ ಹಳೆಯ ಉದ್ದುದ್ದ ಸ್ಟೇಟ್‌ಮೆಂಟ್ ಹೋಗಿ 'ಜೆನ್ಯೂನ್ ಸ್ಟೂಡೆಂಟ್' (ನಿಜವಾಗಿ ಓದಲು ಬರುವವರಾ ಅಂತ ನೋಡುವ) ಪ್ರಶ್ನೆಗಳು ಬಂದಿವೆ. ಊರಲ್ಲಿ ನಿಮ್ಮ ಪರಿಸ್ಥಿತಿ ಏನು, ಈ ಕೋರ್ಸು ಈ ಕಾಲೇಜು ಯಾಕೆ, ಮುಗಿದ ಮೇಲೆ ಏನು ಲಾಭ. ಒಂದೊಂದಕ್ಕೆ 150 ಪದದ ಒಳಗೆ ಇಂಗ್ಲಿಷಿನಲ್ಲಿ ಉತ್ತರ. 'ಆಸ್ಟ್ರೇಲಿಯಾ ವಿಶ್ವಮಟ್ಟದ ಶಿಕ್ಷಣಕ್ಕೆ ಪ್ರಸಿದ್ಧ' ಅಂತ ಶುರುವಾಗುವ ರೆಡಿಮೇಡ್ ಉತ್ತರಗಳು ಎಲ್ಲೆಲ್ಲೂ ಸಿಗುತ್ತವೆ. 150 ಪದದಲ್ಲಿ ಅಂಥ ಒಂದು ವಾಕ್ಯಕ್ಕೂ ಜಾಗ ಇಲ್ಲ.

ನಾನು ಬರೆದಿದ್ದು ಹೆಚ್ಚುಕಡಿಮೆ ಹೀಗೆ: ಒಂದು ಊಟಕ್ಕೆ ಎಷ್ಟು ಖರ್ಚಾಯಿತು ಅಂತ ನಾನು ಲೆಕ್ಕ ಹಾಕುತ್ತೇನೆ. ಖರ್ಚು ಯಾಕೆ ಏರಿತು ಅಂತ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ, ಯಾಕಂದರೆ ಅಡುಗೆಮನೆಯ ಕೆಲಸ ನನಗೆ ಬರಲ್ಲ. ಸರ್ಟಿಫಿಕೇಟ್ 4ರಲ್ಲಿ 'ಪ್ಲಾನ್ ಅಂಡ್ ಕಾಸ್ಟ್ ರೆಸಿಪೀಸ್' ಅನ್ನುವ ಯೂನಿಟ್ ಇದೆ, ನನಗೆ ಬೇಕಿರೋದು ಅದು. ಮುಗಿಸಿ ಬಂದರೆ ಇದೇ ಸಂಸ್ಥೆಯಲ್ಲಿ ಕಿಚನ್ ನೋಡಿಕೊಳ್ಳುವ ಕೆಲಸ ಇದೆ. ಇದರ ಜೊತೆ ಮಾಲೀಕರಿಂದ ಒಂದು ಪತ್ರ, ಸಂಬಳದ ಸ್ಲಿಪ್, ಐಟಿ ರಿಟರ್ನ್ ಲಗತ್ತಿಸಿದೆ. ಬರೆದ ಪ್ರತಿ ಸಾಲಿಗೂ ಹಿಂದೆ ಒಂದು ಕಾಗದ ಇರಬೇಕು ಅಂತ ನನಗೇ ಒಂದು ನಿಯಮ ಹಾಕಿಕೊಂಡಿದ್ದೆ. ಕಾಗದ ಇಲ್ಲದ ಸಾಲನ್ನು ತೆಗೆದೆ.

ದುಡ್ಡಿನ ವಿಷಯ ನೇರ. ಒಂದು ವರ್ಷದ ಜೀವನಕ್ಕೆ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. ಇದು 2024ರ ಮೇ 10ರಿಂದ ಬಂದ ಮೊತ್ತ. ಅದರ ಮೇಲೆ ಮೊದಲ ವರ್ಷದ ಫೀ, ಪ್ರಯಾಣದ ಖರ್ಚು. ನಾನು ತೋರಿಸಿದ್ದು ಬ್ಯಾಂಕಿನ ಎಜುಕೇಷನ್ ಲೋನ್ ಮಂಜೂರಾತಿ ಮತ್ತು ಅಪ್ಪನ ಎಫ್‌ಡಿ. ಹಿಂದಿನ ವಾರ ಯಾರೋ ಹಾಕಿದ ದೊಡ್ಡ ಮೊತ್ತ ಖಾತೆಯಲ್ಲಿ ಕಂಡರೆ ಎಲ್ಲಿಂದ ಬಂತು ಅಂತ ಕೇಳೋದು ಸಹಜ, ಅಲ್ವಾ? ವೀಸಾ ಫೀ 2025ರ ಜುಲೈ 1ರಿಂದ 2,000 ಡಾಲರ್. ವೀಸಾ ಸಿಗದಿದ್ದರೂ ಅದು ವಾಪಸ್ ಬರಲ್ಲ. ಬೆರಳಚ್ಚು, ಮೆಡಿಕಲ್ ಅವರು ಹೇಳಿದ ಕಡೆ ಮಾಡಿಸಿದೆ, ತಲೆನೋವು ಇರಲಿಲ್ಲ.

ವೀಸಾ ಪತ್ರ ಮೇಲ್‌ನಲ್ಲಿ ಬಂತು. ಕ್ಲಾಸು ಶುರುವಾಗುವ ಮೊದಲು ಕೆಲಸ ಮಾಡುವಂತಿಲ್ಲ, ಶುರುವಾದ ಮೇಲೆ ಎರಡು ವಾರಕ್ಕೆ 48 ಗಂಟೆ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ನಂಬರ್ ಹಾಕಿ ಯುಎಸ್‌ಐ ಅನ್ನುವ ವಿದ್ಯಾರ್ಥಿ ಸಂಖ್ಯೆ ಮಾಡಿಕೊಂಡೆ. ಅದಿಲ್ಲದೆ ಕೊನೆಗೆ ಸರ್ಟಿಫಿಕೇಟ್ ಕೊಡಲ್ಲ. ಕಾಲೇಜು ಕಳಿಸಿದ ಪಟ್ಟಿಯಲ್ಲಿ ಚಾಕು ಸೆಟ್, ಬಿಳಿ ಜಾಕೆಟ್, ಜಾರದ ಶೂ ಇದ್ದವು. ಶೂ ಇಲ್ಲಿಂದಲೇ ಒಯ್ದೆ, ಚಾಕು ಅಲ್ಲೇ ಕೊಂಡೆ.