ನೀಲಿ ಡ್ಯಾಮ್ಸೆಲ್ ಮರಿ ಕೊನೆಗೂ ಉಳಿಯಿತು

"ಇನ್ನೂರು ರೂಪಾಯಿಯ ಮೀನಿಗೆ ಇಷ್ಟು ಒದ್ದಾಟವೇ ಮಾರಾಯರೇ?" ಎಂದು ನಕ್ಕವರೇ ಈಗ ಮರಿ ಕೇಳಿಕೊಂಡು ಬರುತ್ತಿದ್ದಾರೆ. ಹಾಗಾಗಿ ಹಿತ್ತಲಿನ ಶೆಡ್ಡಿನಲ್ಲಿ ನೀಲಿ ಡ್ಯಾಮ್ಸೆಲ್ ಎಂಬ ಸಣ್ಣ ಕಡಲ ಮೀನಿನ ಮರಿ ಮಾಡಿದ ಕತೆ ಬರೆಯುತ್ತಿದ್ದೇನೆ.

ಜೋಡಿ ಮಾಡುವುದು ಕಷ್ಟವಲ್ಲ. ಬೆನ್ನಿನ ರೆಕ್ಕೆಯ ಬುಡದಲ್ಲಿ, ಹಿಂತುದಿಗೆ, ಸಣ್ಣ ಕಪ್ಪು ಚುಕ್ಕೆಯಿದ್ದದ್ದನ್ನು ಹೆಣ್ಣೆಂದು ಹಿಡಿದು ಒಂದು ಗಂಡಿಗೆ ಮೂರನ್ನು ಬಿಟ್ಟೆ. ಮೊಟ್ಟೆಗೆಂದು ಚೆಂದದ ಮಣ್ಣಿನ ಕುಡಿಕೆ ಇಟ್ಟರೆ ಗಂಡು ಅತ್ತ ತಿರುಗಿಯೂ ನೋಡಲಿಲ್ಲ. ಪಂಪಿನ ಹಿಂದೆ ಬಿದ್ದಿದ್ದ ಪಿವಿಸಿ ಪೈಪಿನ ತುಂಡನ್ನು ಬಾಯಿಂದ ಕಚ್ಚಿ ಕಚ್ಚಿ ಸ್ವಚ್ಛ ಮಾಡಿ ಅಲ್ಲೇ ಸಂಸಾರ ಹೂಡಿತು. ನಾಲ್ಕನೆಯ ದಿನ ಮೊಟ್ಟೆಯೊಳಗೆ ಬೆಳ್ಳಿಯ ಕಣ್ಣುಗಳು ಹೊಳೆದರೆ ಆ ರಾತ್ರಿ ದೀಪ ಆರಿಸಿ ಕಾಯಬೇಕು, ಅಷ್ಟೇ.

ಸೋತದ್ದು ಅಲ್ಲಿಂದಾಚೆ. ಕ್ಲೌನ್ ಮೀನಿನ ಮರಿಗಳನ್ನು ರೋಟಿಫರ್ ಎಂಬ ಸೂಕ್ಷ್ಮ ನೀರಜೀವಿಯನ್ನೇ ತಿನ್ನಿಸಿ ಬೆಳೆಸಿದ ಜಂಬ ನನಗಿತ್ತು. ಅದೇ ಧೈರ್ಯದಲ್ಲಿ ಒಂಬತ್ತೋ ಹತ್ತೋ ತಂಡ ಕಳೆದುಕೊಂಡೆ. ಮರಿ ಕೊಕ್ಕೆಯಂತೆ ಬಾಗಿ ರೋಟಿಫರಿನ ಮೇಲೆ ನೆಗೆಯುತ್ತಿತ್ತು, ಬಾಯಿಗೆ ಹಿಡಿಸುತ್ತಿರಲಿಲ್ಲ. ಐದನೆಯ ಬೆಳಿಗ್ಗೆ ತಳದಲ್ಲಿ ಬಿಳಿ ಧೂಳು ಮಾತ್ರ. ಮಳೆಗಾಲದಲ್ಲಿ ಮಂಗಳೂರಿನ ಕಡಲ ನೀರು ಹೊಳೆ ಸೇರಿ ಸಪ್ಪೆ. ಹಾಗಾಗಿ ಕಡಲ ನೀರು ಕಲಸುವ ಉಪ್ಪಿನ ಬಕೆಟ್ಟಿಗೇ ಆ ವರ್ಷ ಹದಿನೈದು ಸಾವಿರ ಸುರಿದೆ. ಒಂದು ತಂಡವನ್ನಂತೂ ಕರೆಂಟೇ ನುಂಗಿತು, ಇನ್ವರ್ಟರ್ ತಂದದ್ದು ಮಾರನೆಯ ದಿನ.

ತಮಿಳುನಾಡಿನ ಮಂಡಪಂನಲ್ಲಿರುವ ಸಿಎಂಎಫ್‌ಆರ್‌ಐನವರು (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಪಾಚಿ ಬೆಳೆಸಿದ ಹಸಿರು ನೀರಿನಲ್ಲಿ ಕೋಪಿಪಾಡ್ ಎಂಬ, ಸೀಗಡಿಯ ಬಳಗದ ಸೂಕ್ಷ್ಮ ಜೀವಿಯನ್ನು ಬೆಳೆಸಿ ಡ್ಯಾಮ್ಸೆಲ್ ಮರಿ ಮಾಡಿದ್ದರು. ಹಿತ್ತಲಿನ ಶೆಡ್ಡಿನಲ್ಲಿ ಅದು ಆಗದೆಂದು ಎಲ್ಲರೂ ಹೇಳಿದರು. ಬೇಸಿಗೆಯಲ್ಲಿ ಅಳಿವೆಯಿಂದ ಬಲೆಯಲ್ಲಿ ಕೋಪಿಪಾಡ್ ಹಿಡಿದು ತಂದು, ಮೊಟ್ಟೆ ಒಡೆಯುವ ವಾರದ ಮುಂಚೆಯೇ ಮರಿ ಟ್ಯಾಂಕಿಗೆ ಬಿಟ್ಟೆ. ಅವುಗಳ ಮರಿ ಅಲ್ಲೇ ಹುಟ್ಟಬೇಕು, ಮೀನಿನ ಮರಿ ಅಲ್ಲೇ ತಿನ್ನಬೇಕು. ಪಾಚಿಯ ಜೊತೆ ನಾನು ಇನ್ನೊಂದನ್ನು ಬೆರೆಸುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ.

ನಡುವೆ ಒಂದು ಚಪಲ: ಪಕ್ಕದ ಬಿಳಿ ಡ್ರಮ್ಮಿನಲ್ಲಿ ಅರ್ಧ ರೋಟಿಫರ್, ಅರ್ಧ ಕೋಪಿಪಾಡ್ ಹಾಕಿ ನೋಡಿದೆ. ಎಂಟು ಉಳಿದವು. ಬರೀ ಕೋಪಿಪಾಡ್ ಬಿಟ್ಟಿದ್ದ, ಕಪ್ಪು ಬಣ್ಣ ಬಳಿದ ಮರಿ ಟ್ಯಾಂಕಿನಲ್ಲಿ ಅರವತ್ತರ ಆಸುಪಾಸು.

ನಾಲ್ಕನೆಯ ವಾರ ಒಂದು ಬೆಳಿಗ್ಗೆ ಗಾಜಿನಂತಿದ್ದ ಮರಿಯೊಂದು ನೀಲಿಯಾಗಿತ್ತು. ಮಧ್ಯಾಹ್ನಕ್ಕೆ ಅದು ಉಳಿದವನ್ನು ಅಟ್ಟಾಡಿಸುತ್ತಿತ್ತು. ಲೆಕ್ಕ ಹಾಕಿದರೆ ಮರಿಯೊಂದಕ್ಕೆ ಬಿದ್ದ ಖರ್ಚು ಆರುನೂರರ ಹತ್ತಿರ. ಅಂಗಡಿಯವರು ಎಂಬತ್ತಕ್ಕೆ ಕೇಳಿದರು. ಕೊಡಲಿಲ್ಲ.