ಗುಳ್ಳೆ ಇದೆಯಾ ಅಂತ ಕೇಳಿ ಕೆಟ್ಟೆ

ನಮ್ಮದು ತಾಲ್ಲೂಕು ಊರಿನ ಮಕ್ಕಳ ಕ್ಲಿನಿಕ್. ನೆಫ್ರೋಟಿಕ್ ಮಕ್ಕಳು (ಕಿಡ್ನಿಯಿಂದ ಮೂತ್ರದಲ್ಲಿ ಪ್ರೋಟೀನ್ ಸೋರೋ ಕಾಯಿಲೆ), ಬೆಂಗಳೂರಿಗೆ ಹೋಗಿ ಕೀಮೊ ಹಾಕಿಸಿಕೊಂಡು ಬರೋ ಮಕ್ಕಳು ಸೇರಿ ಸುಮಾರು 20 ಜನ ಇದ್ದಾರೆ. ಜ್ವರ ಬಂದರೆ ಅವರು ಮೊದಲು ಕೂರೋದು ನಮ್ಮ ಬೆಂಚಿನ ಮೇಲೇ.

2018ರಲ್ಲಿ ಆ ಬೆಂಚೇ ಕೈಕೊಟ್ಟಿತು. ಪ್ರೆಡ್ನಿಸೊಲೋನ್ (ರೋಗನಿರೋಧಕ ಶಕ್ತಿ ತಗ್ಗಿಸೋ ಸ್ಟೀರಾಯ್ಡ್) ಫುಲ್ ಡೋಸ್‌ನಲ್ಲಿದ್ದ 5 ವರ್ಷದ ಹುಡುಗ. ಪಕ್ಕದಲ್ಲೇ ಚಿಕನ್‌ಪಾಕ್ಸ್ ಮಗು ಮುಕ್ಕಾಲು ಗಂಟೆ ಕೂತಿತ್ತು. ಎರಡು ವಾರಕ್ಕೆ ಇವನಿಗೂ ಬಂತು, ನ್ಯುಮೋನಿಯಾ ಸಮೇತ. 8 ಗಂಟೆಗೊಂದು ಸಲ ವೈರಸ್ ಔಷಧಿ ಅಸೈಕ್ಲೊವಿರ್, 10 ದಿನ ವಾರ್ಡು, ಹತ್ತಿರ ಹತ್ತಿರ 60 ಸಾವಿರ ಬಿಲ್ಲು. ಹುಡುಗ ಉಳಿದ. ಅವರಪ್ಪ ಎರಡು ಹಸು ಮಾರಿದರು.

ಮೊದಲು ಪ್ಲೈವುಡ್ ಗೋಡೆ ಹಾಕಿಸಿದೆ. 22 ಸಾವಿರ ದಂಡ. ಗೋಡೆ ಸೂರು ಮುಟ್ಟುತ್ತಿರಲಿಲ್ಲ. ದಡಾರದ ವೈರಸ್ ಮಗು ಎದ್ದುಹೋದ ಮೇಲೂ 2 ಗಂಟೆ ಗಾಳಿಯಲ್ಲಿರುತ್ತೆ, ಅದಕ್ಕೆ ನನ್ನ ಪ್ಲೈವುಡ್ ಯಾವ ಲೆಕ್ಕ? ಈಗ ಅದರ ಮೇಲೆ ತೂಕದ ಚಾರ್ಟ್ ಅಂಟಿಸಿದ್ದೀವಿ.

ಆಮೇಲೆ ಫೋನಲ್ಲೇ ವಿಚಾರಿಸೋಕೆ ಶುರು ಮಾಡಿದೆವು. 'ಮೈಮೇಲೆ ಗುಳ್ಳೆ ಇದೆಯಾ?' ಎಲ್ಲರೂ 'ಇಲ್ಲ' ಅನ್ನೋರು, ಬಂದು ನೋಡಿದರೆ ಇರುತ್ತಿತ್ತು. ಕೊನೆಗೆ ದಾರಿ ತೋರಿಸಿದ್ದು ನಮ್ಮ ಕಾಂಪೌಂಡರ್. 'ಸಾರ್, ಅವರಿಗೆ ಅದು ಗುಳ್ಳೆ ಅಲ್ಲ, ಅಮ್ಮ.' ಈಗ ಪ್ರಶ್ನೆ ಒಂದೇ: 'ಮನೇಲಿ, ವಠಾರದಲ್ಲಿ ಯಾರಿಗಾದ್ರೂ ಅಮ್ಮ ಆಗಿದೆಯಾ? ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದ್ದಾರಾ?' ತಟ್ ಅಂತ ನಿಜ ಬರುತ್ತೆ. ಅಂಥವರನ್ನು ಹಿಂದುಗಡೆ ಹೊಂಗೆ ಮರದ ಕೆಳಗೇ ನೋಡ್ತೀನಿ. 'ಮರದ ಡಾಕ್ಟ್ರು, ಪ್ರಾಕ್ಟೀಸ್ ಬಿದ್ದೋಗುತ್ತೆ' ಅಂತ ಗೆಳೆಯರು ನಕ್ಕರು. ಬೀಳಲಿಲ್ಲ.

ಆದರೆ ಚಿಕನ್‌ಪಾಕ್ಸ್ ಗುಳ್ಳೆ ಏಳೋಕೆ ಒಂದೆರಡು ದಿನ ಮುಂಚೆಯೇ ಹರಡುತ್ತೆ, ದಡಾರ 4 ದಿನ ಮುಂಚೆ. ಮರ ಸಾಲದು. ಸ್ಟೀರಾಯ್ಡ್, ಕೀಮೊ ನಡೆಯುವಾಗ ಆ ಮಗುವಿಗೆ ಲೈವ್ ಲಸಿಕೆ (ಬಲ ಕುಗ್ಗಿಸಿದ ಜೀವಂತ ವೈರಸ್ ಇರೋದು) ಹಾಕೋ ಹಾಗಿಲ್ಲ. ಹಾಗಾಗಿ ಅಣ್ಣ, ತಂಗಿ, ನಮ್ಮ ನರ್ಸ್‌ಗಳು, ಸುತ್ತ ಇರೋ ಎಲ್ಲರಿಗೂ ಲಸಿಕೆ ಹಾಕೋಕೆ ತೋಳು ಹಿಡಿದೆ. ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಸರ್ಕಾರದ್ದು, ಪುಕ್ಕಟೆ. ಚಿಕನ್‌ಪಾಕ್ಸ್ ಡೋಸ್‌ಗೆ 2 ಸಾವಿರದ ಆಸುಪಾಸು, ಎರಡು ಡೋಸ್. 'ಕಾಯ್ಲೆ ಇರೋದು ಅವನಿಗೆ, ಇವಳಿಗ್ಯಾಕೆ ಸೂಜಿ?' ಅಂತ ಅಜ್ಜಿಯರ ಜಗಳ. ಫೀಸು ಬಿಟ್ಟೆ, ಕೊಂಡ ರೇಟಿಗೇ ಹಾಕಿದೆ.

ಒಬ್ಬ ತಂಗಿಗೆ ಚಿಕನ್‌ಪಾಕ್ಸ್ ಲಸಿಕೆ ಆಗಿ ಎರಡು ವಾರಕ್ಕೆ ಐದಾರು ಗುಳ್ಳೆ ಎದ್ದವು. ಮನೇಲಿ ಅಣ್ಣ ಕೀಮೊದಲ್ಲಿ. ನನ್ನ ಎದೆ ಧಸಕ್ ಅಂತು. ಒಣಗೋವರೆಗೂ ಅವಳನ್ನ ಅಜ್ಜಿ ಮನೆಗೆ ಕಳಿಸಿದೆವು. ಅಣ್ಣನಿಗೆ ಏನೂ ಆಗಲಿಲ್ಲ.

ಮಧ್ಯೆ ಲಸಿಕೆ ಇಡೋ ಫ್ರಿಜ್ ಹುಚ್ಚೂ ಹಿಡಿದಿತ್ತು. ಕರೆಂಟ್ ಹೋಗುತ್ತೆ ಅಂತ ಕೆಳಗಿನ ತರಕಾರಿ ಡಬ್ಬದಲ್ಲಿ ನೀರಿನ ಬಾಟಲಿ ತುಂಬಿಟ್ಟೆ. 3 ಗಂಟೆ ಕರೆಂಟ್ ಇಲ್ಲದಿದ್ದರೂ 8 ಡಿಗ್ರಿ ದಾಟಲಿಲ್ಲ. ಜಂಬದಲ್ಲಿ ಡಯಲ್ ಇನ್ನಷ್ಟು ತಿರುಗಿಸಿದೆ, ಹಿಂದಿನ ಗೋಡೆಗೆ ತಾಗಿದ್ದ ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ) ವಯಲ್‌ಗಳು ಹೆಪ್ಪುಗಟ್ಟಿ ಕೆಟ್ಟವು. ಒಂದಷ್ಟು ಸಾವಿರ ಕಸದ ಬುಟ್ಟಿಗೆ.

ಕಳೆದ ನಾಲ್ಕೈದು ವರ್ಷದಲ್ಲಿ ಆ 20 ಮಕ್ಕಳಲ್ಲಿ ಇಬ್ಬರಿಗೆ ಅಮ್ಮ ಆಯಿತು. ಎರಡೂ ಸ್ಕೂಲಿಂದ ಬಂದದ್ದು, ನಮ್ಮ ಬೆಂಚಿನಿಂದ ಒಂದೂ ಇಲ್ಲ. ಮೊನ್ನೆ ನಕ್ಕಿದ್ದ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಅವರ ಕ್ಲಿನಿಕ್ ಹಿಂದೆ ಮರ ಇಲ್ಲವಂತೆ, ಶೀಟ್ ಹಾಕಿಸೋಕೆ ಎಷ್ಟಾಗುತ್ತೆ ಅಂತ ಕೇಳಿದರು.